ಆ ಗ್ರಹದ ಬೂದಿ ಯಾರ ಮಾಳಿಗೆಯ ಮೇಲೆ?

ಅನ್ಯಲೋಕದವರು ನಮಗಿಂತ ಹತ್ತು ಸಾವಿರ ವರ್ಷ ಮುಂದಿದ್ದಾರೆ ಎಂದು ತೋರಿಸಲು ಟಿವಿಯವರಿಗೆ ಗೊತ್ತಿರುವುದು ಒಂದೇ ಉಪಾಯ. ಪ್ಯಾಂಟು ಬಿಚ್ಚಿಸಿ ನಿಲುವಂಗಿ ತೊಡಿಸುವುದು. ಈ ವಾರ ಮನೆಯ ಹುಡುಗರು ಹಚ್ಚಿಕೊಂಡು ಕುಳಿತ ಹೊಸ ಧಾರಾವಾಹಿಯಲ್ಲೂ ಅದೇ ಕಥೆ. ಹಿಮ್ಮಡಿ ಮುಟ್ಟುವ ಬಿಳಿ ಅಂಗಿ, ಕಿವಿ ದಾಟಿ ಎದ್ದ ಕಾಲರು, ಮುಖದ ಮೇಲೆ ಸಾವಧಾನ. ಜ್ಞಾನ ಮೇಲೇರಿದಷ್ಟೂ ಬಟ್ಟೆ ಕೆಳಗಿಳಿಯುತ್ತದೆ ಎಂಬುದು ಅಲ್ಲಿನ ನಿಯಮವಿರಬೇಕು. ಜೀನ್ಸ್ ಹೊಲಿದೇ ಹೊಟ್ಟೆ ಹೊರೆಯುವ ಬಳ್ಳಾರಿಯ ಮಂದಿ ಇದನ್ನು ಗಂಭೀರವಾಗಿ ಪರಿಗಣಿಸುವುದು ಒಳ್ಳೆಯದು, ಭವಿಷ್ಯದಲ್ಲಿ ಗಿರಾಕಿಗಳೇ ಇಲ್ಲ. ಇರಲಿ, ಆ ಮಹಾಜ್ಞಾನಿಯನ್ನು ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಅರ್ಧ ತಾಸು ನಿಲ್ಲಿಸಿ, ಆಮೇಲೆ ಅಂಗಿಯ ಬಣ್ಣ ನೋಡೋಣ.

ಬಟ್ಟೆಯಾದ ಮೇಲೆ ಊರು. ಊರೆಲ್ಲಿ ಬಂತು, ಇಡೀ ಗ್ರಹಕ್ಕೆ ಒಂದೇ ಹವೆ, ಒಂದೇ ಭಾಷೆ, ಒಂದೇ ಸ್ವಭಾವ. 1966ರಲ್ಲಿ ಶುರುವಾದ ಅಮೆರಿಕದ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನಲ್ಲಿ ವಲ್ಕನ್ ಎಂಬ ಗ್ರಹವಿದೆ. ಕೆಂಪು ನೆಲ, ಕಾದ ಗಾಳಿ, ಒಣ ಬಂಡೆ. ಅಲ್ಲಿಯವರು ಭಾವನೆಗಳನ್ನು ಹತ್ತಿಕ್ಕಿ ಬರೀ ತರ್ಕದಿಂದ ಬದುಕುತ್ತಾರಂತೆ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಬಸ್ ನಿಲ್ದಾಣದಲ್ಲಿ ಸಿಂಧನೂರು ಬಸ್ಸಿಗೆ ಕಾದವರನ್ನು ಕೇಳಿ, ಅಂಥ ಬಿಸಿಲಿನಲ್ಲಿ ಮನುಷ್ಯನಿಂದ ಮೊದಲು ಕಳಚಿಕೊಳ್ಳುವುದೇ ತರ್ಕ. ಇನ್ನು ಹವೆಯ ಮಾತು. ಗಂಗಾವತಿಯ ಎಡದಂಡೆ ಕಾಲುವೆಯ ಕೆಳಗೆ ಮೊಣಕಾಲುದ್ದದ ಕೆಸರಿನಲ್ಲಿ ಭತ್ತ ನಾಟಿ ನಡೆದಿರುವಾಗ ಕುಷ್ಟಗಿಯ ಕಡೆಯವರು ಕತ್ತೆತ್ತಿ ಮೋಡ ಹುಡುಕುತ್ತಿರುತ್ತಾರೆ. ಕೊಪ್ಪಳ ಒಂದೇ ಜಿಲ್ಲೆಗಿರುವ ಈ ಭಾಗ್ಯ ಒಂದು ಇಡೀ ಗ್ರಹಕ್ಕಿಲ್ಲ.

ಕಾರಣ ಎಲ್ಲರಿಗೂ ಗೊತ್ತಿರುವುದೇ, ದುಡ್ಡು. 1997ರಿಂದ 2007ರವರೆಗೆ ನಡೆದ ಸ್ಟಾರ್‌ಗೇಟ್ ಧಾರಾವಾಹಿಯನ್ನು ಕೆನಡಾದ ವ್ಯಾಂಕೂವರ್ ಸುತ್ತಮುತ್ತ ಚಿತ್ರಿಸಿದರು. ಹಾಗಾಗಿ ಬಾಹ್ಯಾಕಾಶದ ಯಾವ ಬಾಗಿಲು ತೆರೆದರೂ ಆಚೆಗೆ ಅದೇ ಸೂಚಿಪರ್ಣಿ ಕಾಡು, ಕಾಡಿನೊಳಗೆ ಇಂಗ್ಲಿಷ್ ಮಾತನಾಡುವ ಜನ. ಬಿಬಿಸಿಯ ಡಾಕ್ಟರ್ ಹೂ ಧಾರಾವಾಹಿ ಬ್ರಿಟನ್ನಿನ ಕಲ್ಲು ಕ್ವಾರಿಗಳನ್ನು ಎಷ್ಟು ಸಲ ಅನ್ಯಗ್ರಹ ಮಾಡಿತೆಂದರೆ ಅಲ್ಲಿ ಅದೊಂದು ಹಳಸಿದ ತಮಾಷೆ. ಕ್ವಾರಿಯೇ ಬೇಕಿದ್ದರೆ ನಮ್ಮನ್ನು ಕೇಳಬಹುದಿತ್ತು. ಗುಡ್ಡ ಕರಗಿಸಿ ಗ್ರಹ ಮಾಡುವ ವಿದ್ಯೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ.

ಕಲ್ಲಿನ ಮಾತು ಬಂತೆಂದರೆ ಹಿರೇಬೆಣಕಲ್ ನೆನಪಾಗುತ್ತದೆ. ಗಂಗಾವತಿ ಹತ್ತಿರದ ಆ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನಾನೂರರಷ್ಟು ಬೃಹತ್ ಶಿಲಾ ರಚನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕುಳ್ಳರಾದ ಮೋರ್ಯರು ಕಟ್ಟಿದ ಮನೆಗಳು ಎನ್ನುತ್ತಾರೆ ಊರವರು. ಚಂದದ ಕಥೆ, ಯಾರಿಗೂ ನಷ್ಟವಿಲ್ಲ. ಟಿವಿಯ ಕಣ್ಣಿಗೆ ಬಿದ್ದರೆ ಮಾತ್ರ ಆ ಕಿಂಡಿ ನೌಕೆಯ ಬಾಗಿಲಾಗುತ್ತದೆ, ಹಿನ್ನೆಲೆಯಲ್ಲಿ ಗುಡುಗು ಕೇಳುತ್ತದೆ. ಚಪ್ಪಡಿ ಎಬ್ಬಿಸಿದ ಜಾಗ ಅಲ್ಲೇ ಪಕ್ಕದಲ್ಲಿ ನೀರು ತುಂಬಿಕೊಂಡು ಬಿದ್ದಿದೆ. ಅದನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ. ಬೆವರು ಸುರಿಸಿ ಬಂಡೆ ಸೀಳಿದವರು ನಮ್ಮವರೇ ಎಂದರೆ ಇವರಿಗೇಕೋ ನಂಬಿಕೆ ಬರುವುದಿಲ್ಲ.

ಮುಂದುವರಿದವರ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಇಡೀ ಲೋಕ ಒಂದು ಹರಳಿನ ಮೇಲೆ ನಡೆಯುತ್ತದೆ. ಖಳನಾಯಕ ಹರಳು ಕಿತ್ತನೋ, ಲೋಕವೇ ಢಮಾರ್. ಎರಡನೇ ಹರಳಿಲ್ಲ, ರಿಪೇರಿಯವನಿಲ್ಲ, ಸ್ಪ್ಯಾನರ್ ಹಿಡಿದ ಒಂದು ನರಪಿಳ್ಳೆಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರದಲ್ಲಿ, ಭೋರ್ಗರೆಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದರು. ಎಪ್ಪತ್ತು ವರ್ಷದ ಗೇಟನ್ನು ಅಲ್ಲಿಯವರೆಗೆ ಯಾರು ನೋಡಿಕೊಳ್ಳುತ್ತಿದ್ದರು ಎಂದು ಕೇಳಬೇಡಿ, ಅದು ಬೇರೆಯೇ ಧಾರಾವಾಹಿ. ಆದರೂ ಹರಳಿನವರಿಗಿಂತ ನಾವು ವಾಸಿ.

ನನಗೆ ನಿಜವಾಗಿ ಮೈ ಉರಿಯುವುದು ಅವರ ಬೆಳಕು ಕಂಡಾಗ. ಸೋವಿಯತ್ ಖಗೋಳ ವಿಜ್ಞಾನಿ ಕಾರ್ದಶೆವ್ 1964ರಲ್ಲಿ ನಾಗರಿಕತೆಗಳನ್ನು ಅವು ಬಳಸುವ ಶಕ್ತಿಯಿಂದ ಅಳೆಯಲು ಹೊರಟರು. ಗ್ರಹದಷ್ಟು ಬಳಸಿದರೆ ಮೊದಲ ದರ್ಜೆ, ನಕ್ಷತ್ರದಷ್ಟಾದರೆ ಎರಡನೆಯದು, ಇಡೀ ಗ್ಯಾಲಕ್ಸಿಯನ್ನೇ ಹೀರಿದರೆ ಮೂರನೆಯದು. ಟಿವಿಯವರಿಗೆ ಇಷ್ಟು ಸಾಕಾಯಿತು. ಗೋಡೆ ಹೊಳೆಯುತ್ತದೆ, ನೆಲ ಹೊಳೆಯುತ್ತದೆ, ಮಾತನಾಡುವವರ ಹಣೆಯೂ ಹೊಳೆಯುತ್ತದೆ. ಕಂಬವಿಲ್ಲ, ತಂತಿಯಿಲ್ಲ, ಚಿಮಣಿಯಿಲ್ಲ, ಬಿಲ್ಲು ಕೊಡಲು ಬರುವವನಿಲ್ಲ.

ಅಲ್ಲ ಸ್ವಾಮಿ, ಇಷ್ಟೆಲ್ಲ ಉರಿಸಿದ ಮೇಲೆ ಬೂದಿ ಎಲ್ಲಿ?

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಈಗ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಕೃಷ್ಣೆಯಿಂದ. ಬೆಳಕು ತಂತಿ ಹಿಡಿದು ದೂರದ ಊರುಗಳಿಗೆ ಹೋಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಬೂದಿಯೇ. ಅದು ತಂತಿಯಲ್ಲಿ ಹೋಗುವುದಿಲ್ಲ. ಗಾಳಿ ತಿರುಗಿದ ದಿನ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳವನ್ನು ಒಂದೊಂದಾಗಿ ಎತ್ತಿ, ಸೀರೆಯ ಸೆರಗಿನಿಂದ ಒರೆಸಿ, ಊದಿ, ಮತ್ತೆ ಹರವಬೇಕು. ಆ ಹೆಂಗಸು ಯಾವ ದರ್ಜೆಯ ನಾಗರಿಕತೆಗೆ ಸೇರಿದವಳು? ಬೆಳಕಿನ ಲೋಕವೊಂದನ್ನು ತೋರಿಸುವಾಗಲೆಲ್ಲ ಅವಳನ್ನು ಚೌಕಟ್ಟಿನಿಂದ ಆಚೆ ತಳ್ಳುತ್ತಾರೆ. ಟಿವಿಯಲ್ಲೂ ಅಷ್ಟೇ, ಟಿವಿಯ ಹೊರಗೂ ಅಷ್ಟೇ. ನೋಡಿ ನೋಡಿ ಸಾಕಾಗಿದೆ.

ಮುಂದಿನ ಕಂತಿಗೆ ಬೂದಿ ಬೇಕಾದರೆ ಸಂಕೋಚ ಬೇಡ. ಸೆಟ್ ಹಾಕುವ ಖರ್ಚೂ ಇಲ್ಲ, ಲಾರಿ ತಂದು ತುಂಬಿಕೊಂಡು ಹೋಗಲಿ. ಮೇಲೆ ತಾಡಪತ್ರಿ ಮಾತ್ರ ಬಿಗಿಯಾಗಿ ಕಟ್ಟಲಿ. ನಮ್ಮ ಲಾರಿಯವರಿಗೆ ಅಷ್ಟು ಮುಂದುವರಿದ ತಂತ್ರಜ್ಞಾನ ಇನ್ನೂ ಕೈಗೆ ಹತ್ತಿಲ್ಲ.