ರಾಗಿಯ ಅಂಕಿ ಊರೂರು ತಲುಪಿತು, ಮೊಳಕೆಯ ಮರ್ಮ ತಲುಪಲಿಲ್ಲ

ಕಳೆದ ತಿಂಗಳು ಎಂಟು ತಿಂಗಳ ಮಗುವೊಂದನ್ನು ತೂಕ ಕಡಿಮೆಯೆಂಬ ಕಾರಣಕ್ಕೆ ನನ್ನ ಬಳಿ ಕಳುಹಿಸಿದ್ದರು. ತಾಯಿ ಎದೆಹಾಲಿನ ಜೊತೆಗೆ ದಿನಕ್ಕೆ ಮೂರು ಹೊತ್ತು ತಪ್ಪದೆ ರಾಗಿ ಸರಿ ತಿನ್ನಿಸುತ್ತಿದ್ದರು. ಹೇಗೆ ಕಾಯಿಸುತ್ತೀರಿ ಎಂದು ಕೇಳಿದಾಗ, “ಗಟ್ಟಿ ಆದ್ರೆ ಉಗುಳ್ಬಿಡ್ತಾನೆ ಮೇಡಂ, ಅದಕ್ಕೇ ಒಂದು ಚಮಚ ಹಿಟ್ಟಿಗೆ ಒಂದು ಲೋಟ ನೀರು ಹಾಕ್ತೀನಿ” ಎಂದರು. ಹಿಟ್ಟು ಗಿರಣಿಯಲ್ಲಿ ಬೀಸಿಸಿದ ಮಾಮೂಲಿ ರಾಗಿ ಹಿಟ್ಟು, ಮೊಳಕೆ ಕಟ್ಟಿದ್ದಲ್ಲ.

ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಲ್ಲದೆ ಪೂರಕ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಚಮಚವೆಂದರೆ ಹತ್ತು ಗ್ರಾಂ ಎಂದುಕೊಂಡರೂ ಮೂರು ಹೊತ್ತಿಗೆ ಮೂವತ್ತು ಗ್ರಾಂ ಹಿಟ್ಟು, ಅಂದರೆ ನೂರು ಕಿಲೊಕ್ಯಾಲೊರಿಯಷ್ಟೇ ಆಗುತ್ತದೆ. ಆ ತಾಯಿಯ ಶ್ರಮದಲ್ಲಿ ಕೊರತೆಯೇ ಇರಲಿಲ್ಲ. ಮಗುವಿನ ಹೊಟ್ಟೆ ಪ್ರತಿ ಸಲವೂ ತುಂಬುತ್ತಿತ್ತು, ಆದರೆ ತುಂಬುತ್ತಿದ್ದದ್ದು ಬಹುಪಾಲು ನೀರು.

ಇದಕ್ಕೆ ಪರಿಹಾರ ನಮ್ಮ ಹಳೆಯ ಮೈಸೂರಿನ ಅಡುಗೆಮನೆಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಬಿಳಿಯ ಮೊಳಕೆ ಚಿಗುರಿದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಮೊಳೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಹಿಟ್ಟನ್ನು ನೀರಿನಲ್ಲಿ ಕದಡಿ ನಿಧಾನವಾಗಿ ಬಿಸಿ ಮಾಡುವಾಗ ಈ ಕಿಣ್ವ ಪಿಷ್ಟವನ್ನು ತುಂಡರಿಸುವುದರಿಂದ ಅದು ನೀರು ಹೀರಿ ಉಬ್ಬುವುದು ಕಡಿಮೆಯಾಗುತ್ತದೆ, ಸರಿ ತೆಳುವಾಗಿಯೇ ಉಳಿಯುತ್ತದೆ. ಹಾಗಾಗಿ ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಿಡಿಸಬಹುದು, ಮಗುವೂ ಉಗುಳದೆ ನುಂಗುತ್ತದೆ. ಹುರಿಯುವಾಗ ಕಾವು ಮೀರಿದರೆ ಕಿಣ್ವ ಸತ್ತು, ಮೊಳಕೆ ಕಟ್ಟಿದ್ದರ ಪ್ರಯೋಜನ ಬಹುಪಾಲು ಅಲ್ಲಿಗೇ ಮುಗಿಯುತ್ತದೆ ಎಂಬ ಎಚ್ಚರವೂ ಇದರ ಜೊತೆಗೆ ಇರಬೇಕು.

ಮೈಸೂರಿನ ಚೆಲುವಾಂಬ ಮ್ಯಾನ್ಶನ್‌ನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು 1980ರ ದಶಕದಲ್ಲಿ ಇದನ್ನೇ ಅಳತೆಗೆ ಒಳಪಡಿಸಿ, ಮೊಳಕೆಯ ರಾಗಿಗೆ ಮೊಳಕೆಯ ಹೆಸರುಕಾಳನ್ನು ಸೇರಿಸಿದ ಶಿಶು ಆಹಾರವನ್ನು ರೂಪಿಸಿದರು. ಅಜ್ಜಿಯರ ಕೈಯಲ್ಲಿದ್ದ ವಿದ್ಯೆಗೆ ಕಾರಣ ಸಿಕ್ಕಿತು, ಅಳತೆ ಸಿಕ್ಕಿತು. ಆ ಜ್ಞಾನ ಸಂಶೋಧಕರ ನಡುವೆ ಚೆನ್ನಾಗಿಯೇ ಹಂಚಿಕೆಯಾಯಿತು, ರಾಗಿ ಮಾಲ್ಟಿನ ರೂಪದಲ್ಲಿ ಉದ್ಯಮಕ್ಕೂ ದಾರಿಯಾಯಿತು. ಆದರೆ ಮಗುವಿನ ತೂಕ ನೋಡುವ ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತಲುಪಿದ್ದು “ರಾಗಿ ಒಳ್ಳೆಯದು, ಅದರಲ್ಲಿ ಕ್ಯಾಲ್ಸಿಯಂ ಇದೆ” ಎಂಬ ಒಂದೇ ಮಾತು. ನಾನು ಓದಿದ ಕಾಲೇಜಿನಲ್ಲಿಯೂ ಕ್ಯಾಲ್ಸಿಯಂ ಅಂಕಿಯನ್ನು ಬಾಯಿಪಾಠ ಮಾಡಿಸಿದರೇ ಹೊರತು ಸರಿಯ ಹದವನ್ನು ಯಾರೂ ಹೇಳಿಕೊಡಲಿಲ್ಲ. ಈ ನೋವು ನನಗೆ ಇಂದಿಗೂ ಇದೆ.

ಆ ಅಂಕಿ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ; ಬಿಳಿ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಆಸುಪಾಸು. ಆದರೆ ಕಾಳಿನಲ್ಲಿ ಇರುವುದು ಬೇರೆ, ಕರುಳು ಹೀರಿಕೊಳ್ಳುವುದು ಬೇರೆ. ರಾಗಿಯ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿರುವಂತೆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಟ್ಯಾನಿನ್‌ಗಳೂ ಹೆಚ್ಚಿವೆ, ಕಾಳಿನಲ್ಲಿ ಹಾಗೆಯೇ ಅಡ್ಡಿಯಾಗುವ ಫೈಟೇಟ್ ಎಂಬ ಅಂಶವೂ ಇದೆ. ಮೊಳಕೆ ಕಟ್ಟಿದಾಗ ಫೈಟೇಟ್ ತಗ್ಗುತ್ತದೆ. ಬಟ್ಟೆಯಲ್ಲಿ ಸೋಸಿದಾಗ ಅಡ್ಡಿಯ ಅಂಶದ ಜೊತೆ ಕ್ಯಾಲ್ಸಿಯಂ ಕೂಡ ಸ್ವಲ್ಪ ಹೋಗುತ್ತದೆ. ಆರು ತಿಂಗಳ ಕೂಸಿಗೆ ನುಣುಪು ಮುಖ್ಯ, ವರ್ಷ ತುಂಬಿದ ಮೇಲೆ ಅಷ್ಟು ನುಣ್ಣಗೆ ಸೋಸಬೇಕಾಗಿಲ್ಲ ಎಂಬ ವಿವೇಕ ಕೋಷ್ಟಕದಲ್ಲಿ ಸಿಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು.

ಉದ್ಯಮದವರೊಂದಿಗೆ ವಿಜ್ಞಾನ ಹಂಚಿಕೊಳ್ಳಬಾರದು ಎಂಬ ವಾದ ನನ್ನದಲ್ಲ. ಅವರ ಯಂತ್ರವಿಲ್ಲದೆ ಮೊಳಕೆಯ ಹಿಟ್ಟು, ಬೆಳಗ್ಗೆ ಆರಕ್ಕೇ ಗಾರ್ಮೆಂಟ್ಸ್ ಬಸ್ ಹತ್ತುವ ತಾಯಿಯ ಮನೆ ಸೇರುವುದಿಲ್ಲ. ನನ್ನ ತಕರಾರು ಅರ್ಧ ಮಾತು ಮಾತ್ರ ಪ್ಯಾಕೆಟ್ಟಿನ ಮೇಲೆ ಬರುವುದರ ಬಗ್ಗೆ. ಅಂಗಡಿಯಲ್ಲಿ ಒಂದು ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಓದಿದೆ. ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳನ್ನು ಬರೆಯಬೇಕೆಂಬುದು ನಿಯಮ. ಮೊದಲು ಗೋಧಿ ಹಿಟ್ಟು, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ, ಅದಾದ ಮೇಲೆ ರಾಗಿ. ಮುಂಭಾಗದಲ್ಲಿ ರಾಗಿ ತೆನೆಯ ದೊಡ್ಡ ಚಿತ್ರವಿತ್ತು.

ಕೆಲವು ವರ್ಷಗಳ ಹಿಂದೆ ಪೌಷ್ಟಿಕ ಪೇಯ ತಯಾರಿಸುವ ಒಂದು ಕಂಪನಿ ಹೋಟೆಲಿನಲ್ಲಿ ನಡೆಸಿದ ವಿಚಾರಗೋಷ್ಠಿಗೆ ನಾನೂ ಹೋಗಿದ್ದೆ. ಉಪನ್ಯಾಸಕರು ತೋರಿಸಿದ ಅಂಕಿಗಳೆಲ್ಲ ಸರಿಯಾಗಿದ್ದವು, ಸಕ್ಕರೆಯ ಅಂಕಿಯನ್ನು ಮಾತ್ರ ತೋರಿಸಲಿಲ್ಲ. ನಾನು ಎದ್ದು ನಿಂತು ಕೇಳಬೇಕಿತ್ತು. ಶಿಶು ಆಹಾರದ ಮಟ್ಟಿಗೆ ನಮ್ಮ ದೇಶ 1992ರಲ್ಲಿಯೇ ಕಾನೂನು ಮಾಡಿದೆ. 2003ರ ತಿದ್ದುಪಡಿಯೊಂದಿಗೆ ಅದು ಎದೆಹಾಲಿಗೆ ಬದಲಿ ಆಹಾರ ಮತ್ತು ಎರಡು ವರ್ಷದವರೆಗಿನ ಮಕ್ಕಳ ಆಹಾರ ಮಾಡುವವರು ಆರೋಗ್ಯ ಕಾರ್ಯಕರ್ತರ ಗೋಷ್ಠಿ, ಸಮ್ಮೇಳನಗಳಿಗೆ ಹಣ ಕೊಡುವುದನ್ನು ನಿಷೇಧಿಸುತ್ತದೆ. ಆ ಎಚ್ಚರ ಉಳಿದ ಪೌಷ್ಟಿಕ ಪದಾರ್ಥಗಳಿಗೂ ಬರಬೇಕು. ಆರೋಗ್ಯ ಸಿಬ್ಬಂದಿಗೆ ಪೋಷಣೆಯ ಪಾಠವನ್ನು ಸರ್ಕಾರದ ಹಣದಲ್ಲಿ, ಸಂಶೋಧಕರ ಬಾಯಿಂದಲೇ, ಕನ್ನಡದಲ್ಲಿ ಹೇಳಿಸಬೇಕು.

ಉದ್ಯಮಕ್ಕೆ ನನ್ನ ಕೋರಿಕೆ ಒಂದೇ. ಮಕ್ಕಳ ರಾಗಿ ಹಿಟ್ಟಿನ ಪೊಟ್ಟಣದ ಮೇಲೆ ಅದು ಮೊಳಕೆಯದೋ ಅಲ್ಲವೋ ಎಂಬುದನ್ನೂ, ಒಂದು ಲೋಟಕ್ಕೆ ಎಷ್ಟು ಹಿಟ್ಟು ಎಂಬುದನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡಿಸಿ.

ನಾನಂತೂ ಈಗ ಗುರುವಾರದ ಲಸಿಕೆಯ ದಿನ ಎರಡು ಪಾತ್ರೆ ಒಯ್ಯುತ್ತೇನೆ. ಒಂದರಲ್ಲಿ ಮಾಮೂಲಿ ಹಿಟ್ಟು, ಇನ್ನೊಂದರಲ್ಲಿ ಮೊಳಕೆಯ ಹಿಟ್ಟು, ಎರಡಕ್ಕೂ ಅಳತೆ ಒಂದೇ, ನೀರೂ ಒಂದೇ. ಕಾಯಿಸಿದ ಮೇಲೆ ಒಂದರಲ್ಲಿ ಸೌಟು ನೆಟ್ಟಗೆ ನಿಲ್ಲುತ್ತದೆ, ಇನ್ನೊಂದು ಸೌಟಿನಿಂದ ಧಾರೆಯಾಗಿ ಇಳಿಯುತ್ತದೆ. ಮೊದಲ ವಾರ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಬೆರಳಿನಲ್ಲಿ ಅದನ್ನು ಮುಟ್ಟಿ ನೋಡಿ, “ನಮ್ಮವ್ವ ಹಿಂಗೇ ಮಾಡ್ತಿದ್ಲು ಕಣವ್ವ, ನಾವೇ ಬಿಟ್ಬಿಟ್ವಿ” ಎಂದರು.