ಸ್ಪಷ್ಟನೆ: ಒಹಾಯೊ ಸ್ಟೇಟ್ ಎರಡು ಪಂದ್ಯ ಸೋತಿತ್ತು

"2024ರ ಸೀಸನ್‌ನಲ್ಲಿ ಒಹಾಯೊ ಸ್ಟೇಟ್ ಒಂದೂ ಪಂದ್ಯ ಸೋಲದೆ ಅಮೆರಿಕದ ಕಾಲೇಜು ಫುಟ್‌ಬಾಲ್ ಚಾಂಪಿಯನ್ ಆಯಿತು" ಅಂತ ನಾನು ಬರೆದ ಸಾಲು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು, ಕ್ಷಮಿಸಿ. ಈ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಸಾಕರ್ ಅಲ್ಲ) ತಂಡ ಚಾಂಪಿಯನ್ ಆದದ್ದು ನಿಜ. ಆದರೆ ಅಧಿಕೃತ ದಾಖಲೆಯಲ್ಲಿ 14 ಗೆಲುವು, 2 ಸೋಲು ಇದೆ.

ಅಕ್ಟೋಬರ್‌ನಲ್ಲಿ ಆರೆಗಾನ್ ಎದುರು 31-32ರಿಂದ ಸೋತಿತು. ನವೆಂಬರ್ 30ರಂದು ತನ್ನದೇ ಮೈದಾನದಲ್ಲಿ ಮಿಷಿಗನ್ ಎದುರು 10-13. ಮಿಷಿಗನ್ ಅಂದ್ರೆ ಬದ್ಧ ಎದುರಾಳಿ ಅಲ್ವಾ, ಆ ಸೋಲೇ ಅಭಿಮಾನಿಗಳಿಗೆ ಜಾಸ್ತಿ ನೋವು ಕೊಟ್ಟದ್ದು. ಅದೇ ಸೀಸನ್‌ನಿಂದ ಪ್ಲೇಆಫ್‌ಗೆ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ನಾಕೌಟ್ ಹಂತಕ್ಕೆ) 4ರ ಬದಲು 12 ತಂಡಗಳು ಬಂದವು. ಹಾಗಾಗಿ ಎರಡು ಸೋಲಿದ್ದರೂ ಒಹಾಯೊ ಸ್ಟೇಟ್‌ಗೆ ದಾರಿ ತೆರೆಯಿತು. ಪ್ಲೇಆಫ್‌ನ ಕ್ವಾರ್ಟರ್‌ಫೈನಲ್ ಆದ ರೋಸ್ ಬೌಲ್ ಪಂದ್ಯದಲ್ಲಿ ಆರೆಗಾನನ್ನೇ 41-21ರಿಂದ ಮಣಿಸಿತು. 2025ರ ಜನವರಿ 20ರಂದು ಫೈನಲ್‌ನಲ್ಲಿ ನೋಟರ್ ಡೇಮ್ ವಿರುದ್ಧ 34-23ರಿಂದ ಗೆದ್ದಿತು.

ದಯವಿಟ್ಟು ಹಳೇ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.