ಸತ್ಯಾಂಶ: ಬೆಳೆ ನಾಶಮಾಡಲು ಹಣ ಕೊಟ್ಟರೇ?

ಕೋವಿಡ್ ಕಾಲದಲ್ಲಿ ಅಮೆರಿಕ ಸರ್ಕಾರವೇ ರೈತರಿಗೆ ಹಣ ಕೊಟ್ಟು ಬೆಳೆ ನಾಶಮಾಡಿಸಿತು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಮರಳಿ ಬರುತ್ತದೆ. ಇದು ಸರಿಯಲ್ಲ.

ಜೊತೆಗೆ ಬರುವ ದೃಶ್ಯಗಳೆಲ್ಲ ಸುಳ್ಳೆಂದು ಹೇಳಬೇಕಿಲ್ಲ. 2020ರ ವಸಂತದಲ್ಲಿ ಹೋಟೆಲು, ಶಾಲೆಗಳು ಮುಚ್ಚಿದಾಗ ಕೊಳ್ಳುವವರಿಲ್ಲದೆ ಐಡಾಹೊ ರಾಜ್ಯದ ಕೆಲವು ರೈತರು ಈರುಳ್ಳಿಯನ್ನು ಗುಂಡಿ ತೋಡಿ ಹೂಳಿದರು. ಬೇರೆಡೆ ಹೈನುಗಾರರು ಹಾಲು ಚೆಲ್ಲಿದರು. ಪರಿಹಾರ ಬಂದದ್ದು ಆಮೇಲೆ. ಸುಮಾರು 1,600 ಕೋಟಿ ಡಾಲರಿನ ಮೊದಲ ಸುತ್ತಿನ ನೆರವಿಗೆ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಮಟ್ಟದ ಕೃಷಿ ಕಚೇರಿಗಳು ಅರ್ಜಿ ಸ್ವೀಕರಿಸಲು ಆರಂಭಿಸಿದ್ದು ಮೇ 26ರಂದು. ಹಣ್ಣು, ತರಕಾರಿಗಳಿಗೆ ಲೆಕ್ಕ ಹಿಡಿದದ್ದು ಜನವರಿ 15ರಿಂದ ಏಪ್ರಿಲ್ 15ರವರೆಗಿನ ನಷ್ಟವನ್ನು. ಮಾರುಕಟ್ಟೆ ಕೈತಪ್ಪಿ ಕೊಯ್ಯದೆ ಹೊಲದಲ್ಲೇ ಉಳಿದ ಫಸಲಿಗೂ ಹಣ ಸಿಕ್ಕಿತೆಂಬುದು ನಿಜ, ಗೊಂದಲದ ಮೂಲವೂ ಬಹುಶಃ ಅದೇ. ಆದರೆ ಮುಗಿದುಹೋದ ಅವಧಿಯ ನಷ್ಟವನ್ನು ಮೇ ಕೊನೆಯಲ್ಲಿ ಕುಳಿತು ಯಾರೂ ಹೊಸದಾಗಿ ಸೃಷ್ಟಿಸಲಾರರು. ಹೆಚ್ಚಿನ ಹಣ ಹೋದದ್ದು ಬೆಲೆ ಕುಸಿದ ದನ, ಹಾಲು, ಮೆಕ್ಕೆಜೋಳದಂಥವುಗಳಿಗೆ. ಒಬ್ಬರಿಗೆ ಸಾಮಾನ್ಯವಾಗಿ 2.5 ಲಕ್ಷ ಡಾಲರಿನ ಮಿತಿಯೂ ಇತ್ತು.

ಪರೀಕ್ಷಿಸಲು ಇಂಗ್ಲಿಷ್ ಪಾಂಡಿತ್ಯ ಬೇಡ. ವಿಡಿಯೋದ ಒಂದು ಸ್ಥಿರಚಿತ್ರವನ್ನು (ಸ್ಕ್ರೀನ್‌ಶಾಟ್) ಅಂತರ್ಜಾಲದ ಚಿತ್ರಹುಡುಕಾಟಕ್ಕೆ ಕೊಟ್ಟರೆ ಅದು ಮೊದಲು ಕಾಣಿಸಿಕೊಂಡ ತಿಂಗಳು ಹೆಚ್ಚಾಗಿ ಸಿಗುತ್ತದೆ. ಅದನ್ನು ಯೋಜನೆಯ ದಿನಾಂಕದ ಪಕ್ಕದಲ್ಲಿಟ್ಟು ನೋಡಬಹುದು. ಅರ್ಜಿ ನಮೂನೆಯೂ ಸಾರ್ವಜನಿಕವಾಗಿಯೇ ಪ್ರಕಟವಾಗಿತ್ತು: ಅದರಲ್ಲಿ ಕೇಳಿರುವುದು ಮಾರಿದ ಪ್ರಮಾಣ, ದಾಸ್ತಾನು, ಜಾನುವಾರುಗಳ ಸಂಖ್ಯೆ ಮುಂತಾದ ವಿವರಗಳನ್ನು. ಮಣ್ಣಿನ ಸವಕಳಿ ತಡೆಯಲು ಜಮೀನನ್ನು 10ರಿಂದ 15 ವರ್ಷ ಉಳದೆ ಬಿಡುವವರಿಗೆ ಬಾಡಿಗೆ ಕೊಡುವ, 1985ರಿಂದ ನಡೆದುಬಂದಿರುವ ಯೋಜನೆಯೂ ಅಮೆರಿಕದಲ್ಲಿದೆ. ಅದು ಬೇರೆಯೇ ವಿಷಯ.